ಗೋಡೆಯಿಲ್ಲದ ಬಿಡಾರ

ಈಗಿನವರು ಖುಷಿಗೆಂದು ಕಾಡಿಗೆ ಹೋಗಿ, ಡೇರೆ ಹಾಕಿ, ನೆಲದ ಮೇಲೆ ಮಲಗಿ ಬರುತ್ತಾರಂತೆ. ಮಾಡಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಕಾಡಿನಲ್ಲಿ ಮನಸ್ಸಿಗೆ ನೆಮ್ಮದಿ ಎಂದು ಯಾರಾದರೂ ನನ್ನೆದುರು ಹೇಳಿದರೆ ಮೈ ಉರಿಯುತ್ತದೆ. ಹಟ್ಟಿಕೇರಿಯ ಮೇಲಿನ ಗುಡ್ಡದಲ್ಲಿ ನಾನೂ ಬಿಡಾರ ಮಾಡಿದವಳು. ಅಲ್ಲಿ ನನ್ನ ಪಾಲಿಗೆ ಬಂದದ್ದು ಉಣ್ಣಿ, ಕೆಂಪು ಚಿಗಳಿ ಇರುವೆ ಮತ್ತು ನನ್ನ ಓರಗಿತ್ತಿ. ಮೂರರಲ್ಲಿ ಇರುವೆಯೇ ವಾಸಿ.

ಊರವರೆಲ್ಲ ಬ್ರಿಟಿಷ್ ಸರಕಾರಕ್ಕೆ ಕಂದಾಯ ಕೊಡುವುದಿಲ್ಲವೆಂದು ಪಟ್ಟು ಹಿಡಿದ ಕಾಲ ಅದು. ನನ್ನ ಗಂಡ, ಅವರ ಅಣ್ಣ ಇಬ್ಬರೂ ಜೈಲಿನಲ್ಲಿದ್ದರು. ಜಪ್ತಿಯವರು ಬಂದು ಭತ್ತ ಹೊರಿಸಿಕೊಂಡು ಹೋದರು, ಎತ್ತು ಹೊಡೆದುಕೊಂಡು ಹೋದರು, ಕೊನೆಗೆ ಮನೆಗೆ ಬೀಗ ಜಡಿದರು. ಗದ್ದೆಯಾಚೆ ಮೇಯುತ್ತಿದ್ದ ಎಮ್ಮೆಯೊಂದೇ ಅವರ ಕೈಗೆ ಸಿಗದೆ ಉಳಿಯಿತು. ಅದೂ ಹೋದರೆ ನಮ್ಮದು ಎನ್ನಲು ಏನೂ ಇರಲಿಲ್ಲ. ಓರಗಿತ್ತಿ ತನ್ನ ಮಕ್ಕಳನ್ನು ಕೇಣಿಯ ತವರಿಗೆ ಕಳಿಸಿದಳು. ಅವಳು, ನಾನು, ಅತ್ತೆ ಎಮ್ಮೆಯನ್ನು ಅಟ್ಟಿಕೊಂಡು ಗುಡ್ಡ ಹತ್ತಿದೆವು.

ನಾಲ್ಕು ಕವೆಗೋಲು ನೆಟ್ಟು, ಮೇಲೆ ಸೊಪ್ಪು ಹೊದೆಸಿದರೆ ಬಿಡಾರವಾಯಿತು. ಹಗಲು ಒಲೆ ಹಚ್ಚುವಂತಿಲ್ಲ, ಹೊಗೆ ಕಾಣುತ್ತದೆ. ಒಣ ಬಂಗಡೆ ಸುಡುವಂತಿಲ್ಲ, ವಾಸನೆ ಕೆಳಗಿಳಿಯುತ್ತದೆ. ತಣ್ಣನೆ ಗಂಜಿ ಕುಡಿಯುತ್ತ, ಮರಗಳ ಸಂದಿಯಲ್ಲಿ ದೂರದ ಸಮುದ್ರ ನೋಡುತ್ತ ಕೂರುವುದು. ಆ ಸಮುದ್ರದ ಮೇಲೂ ನನಗೆ ಸಿಟ್ಟು ಬರುತ್ತಿತ್ತು.

ಓರಗಿತ್ತಿಗೂ ನನಗೂ ಮಾತಿರಲಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಎಮ್ಮೆಯ ಕರು ಸತ್ತಿತ್ತು. ಹಿಂದಿನ ದಿನ ಅದನ್ನು ಹಾಲಿಗೆ ಬಿಟ್ಟು ಕಟ್ಟಿದವಳು ನಾನು. ಓರಗಿತ್ತಿ ನೆರೆಯ ಹೆಂಗಸರೆದುರು, "ಹೆರದವಳ ಕೈ ತಾಗ್ತು, ಕರ ಉಳಿತದ್ಯಾ?" ಎಂದಳು. ಮದುವೆಯಾಗಿ ಏಳು ವರ್ಷ ಮಕ್ಕಳಿಲ್ಲದವಳಿಗೆ ಆಡುವ ಮಾತೇ ಅದು? ಅಂದಿನಿಂದ ಅವಳನ್ನು ಅಕ್ಕ ಎನ್ನುವುದನ್ನು ಬಿಟ್ಟೆ. ಅವಳೂ ನನಗೆ ಎಮ್ಮೆಯ ಮೈ ಮುಟ್ಟಲು ಬಿಡಲಿಲ್ಲ.

ಒಂದೇ ಸೂರಿನಡಿ ಮಾತು ಬಿಟ್ಟವರು ನಮ್ಮ ಕಡೆ ಗೋಡೆಗೆ ಹೇಳುತ್ತಾರೆ. "ಉಪ್ಪು ಮುಗೀತಂತೆ ಗೋಡೆಯೇ" ಎಂದರೆ ಕೇಳಬೇಕಾದವರಿಗೆ ಕೇಳುತ್ತದೆ, ಮಾನವೂ ಉಳಿಯುತ್ತದೆ. ಬಿಡಾರಕ್ಕೆ ಗೋಡೆಯೇ ಇಲ್ಲವಲ್ಲ! ಎದುರಿಗಿದ್ದ ಮತ್ತಿಮರಕ್ಕೆ ಹೇಳತೊಡಗಿದೆವು. ಅತ್ತೆ ತಲೆ ಚಚ್ಚಿಕೊಂಡರು. "ಮನೆ ಹೋದ್ರೂ ನಿಮ್ಮ ಗೋಡೆ ಹೋಗ್ಲಿಲ್ಲ" ಎಂದರು.

ಹೀಗಿರುವಾಗ ಓರಗಿತ್ತಿಗೆ ಚಳಿಜ್ವರ ಹಿಡಿಯಿತು. ಬೆಳಗಾಗುವ ಹೊತ್ತಿಗೆ ತಲೆ ಎತ್ತಲಾರದೆ ಬಿದ್ದಿದ್ದಳು. ಹಿಂದಿನ ಸಂಜೆಯೂ ಹಾಲು ಕರೆದಿರಲಿಲ್ಲ. ಕರು ಇಲ್ಲದ ಎಮ್ಮೆ, ಅವಳ ವಾಸನೆ ಮೂಗಿಗೆ ಬಡಿದರೆ ಮಾತ್ರ ಹಾಲು ಇಳಿಸುತ್ತಿತ್ತು. ಕೆಚ್ಚಲು ಬಿಗಿದು ಒದ್ದಾಡುತ್ತಿತ್ತು, ಒಮ್ಮೆ ಕೂಗಿಯೇಬಿಟ್ಟಿತು. ಅದೇ ಹೊತ್ತಿಗೆ ಕೆಳಗಿನ ಹಳ್ಳದ ಬದಿಯಿಂದ ಗಂಡಸರ ಮಾತು ಕೇಳಿಸಿತು. ಅತ್ತೆ ಇಣುಕಿ ನೋಡಿ ಬಂದು, "ಪೊಲೀಸ್ರು" ಎಂದರು.

ಓರಗಿತ್ತಿ ಮತ್ತಿಮರದ ಕಡೆ ಮುಖ ಮಾಡಿದಳು. ಹಲ್ಲು ಕಟಕಟ ಎನ್ನುತ್ತಿತ್ತು. "ನನ್ನ ಸೀರೆ ಉಟ್ಕಂಡು ಹೋಗುಕೆ ಹೇಳು ಅದ್ಕೆ" ಎಂದಳು. ಅದು ಎಂದರೆ ನಾನು.

ಹಾಲು ಕರೆಯುವವಳು ಊರಲ್ಲಿಲ್ಲದಾಗ ಅವಳ ಸೀರೆ ಉಟ್ಟು ಎಮ್ಮೆಯ ಬಳಿ ಕೂರುವುದು ನಮ್ಮಲ್ಲಿ ಇದ್ದದ್ದೇ. ಆದರೆ ಇವಳ ಸೀರೆ! ಅತ್ತೆ ಅವಳಿಗೆ ಕಂಬಳಿ ಹೊದೆಸಿ, ಉಟ್ಟ ಸೀರೆಯನ್ನೇ ಬಿಡಿಸಿ ನನ್ನತ್ತ ಎಸೆದರು. ಜ್ವರದ ಬೆವರು, ಸಗಣಿ, ಹೊಗೆ, ಕೊಬ್ಬರಿ ಎಣ್ಣೆ ಎಲ್ಲ ಸೇರಿದ ಅವಳ ಮೈವಾಸನೆ ಮುಖಕ್ಕೆ ಬಡಿಯಿತು. ಮುಖ ಆಚೆ ತಿರುಗಿಸಿ ಉಟ್ಟೆ.

ಎಮ್ಮೆ ನನ್ನನ್ನು ಮೂಸಿತು. ಸೆರಗು, ತೋಳು, ಮತ್ತೆ ಸೆರಗು ಮೂಸಿ ನಿಟ್ಟುಸಿರು ಬಿಟ್ಟು ಕಾಲು ಅಗಲಿಸಿ ನಿಂತಿತು. ಹಾಲು ಸುರಿಯಿತು. ತಂಬಿಗೆಗೆ ಬೀಳುವ ಸದ್ದೂ ಹಳ್ಳಕ್ಕೆ ಕೇಳೀತು ಎಂದು ಹೆದರಿ, ಅವಳ ಸೆರಗಿನ ತುದಿಯನ್ನೇ ಒಳಗಿಟ್ಟು ಕರೆದೆ. ಎಮ್ಮೆ ಮತ್ತೆ ಕೂಗಲಿಲ್ಲ. ಮಾತು ಹತ್ತಿರ ಬಂತು, ನಿಂತಿತು, ಆಮೇಲೆ ಬಾಳೆಗುಳಿಯ ದಿಕ್ಕಿಗೆ ಸರಿದುಹೋಯಿತು. ನಮ್ಮ ಎಮ್ಮೆ ನಮಗೇ ಉಳಿಯಿತು.

ಗೆದ್ದವಳಂತೆ ಬಿಡಾರಕ್ಕೆ ಬಂದೆ. ಬಿಸಿ ನೊರೆಹಾಲನ್ನು ಓರಗಿತ್ತಿಯ ಮುಂದೆ ಕುಕ್ಕಿ ಮತ್ತಿಮರಕ್ಕೆ ಹೇಳಿದೆ: "ಹೆರದವಳ ಕೈಯ ಹಾಲು. ಬೇಕಾದ್ರೆ ಕುಡಿಲಿ."

ಅವಳು ಮರದ ಕಡೆ ನೋಡಲಿಲ್ಲ. ಮೊಣಕೈ ಊರಿ ಎದ್ದು ಕೂತು, ಎಷ್ಟೋ ತಿಂಗಳ ಮೇಲೆ ನೇರವಾಗಿ ನನ್ನ ಮುಖ ನೋಡಿದಳು.

"ಅದು ಹಾಲು ಕೊಟ್ಟದ್ದು ನನ್ನ ಸೀರೆಗೆ," ಎಂದಳು. "ನಿಂಗಲ್ಲ."

ಹಾಗೆಂದು ತಂಬಿಗೆ ಎತ್ತಿ, ಒಂದು ಹನಿ ಬಿಡದೆ ಕುಡಿದು ಮಲಗಿದಳು.

ಸುಳ್ಳು ಹೇಳಿದ್ದರೆ ಕೂದಲು ಹಿಡಿದು ಜಗಳಾಡುತ್ತಿದ್ದೆ. ಅವಳು ಹೇಳಿದ್ದು ನಿಜ. ಅದಕ್ಕೇ ಅವಳನ್ನು ಇವತ್ತಿಗೂ ಕ್ಷಮಿಸಿಲ್ಲ. ಬರಿದಾದ ತಂಬಿಗೆ ತೊಳೆಯುವ ನೆಪದಲ್ಲಿ ಹಳ್ಳಕ್ಕಿಳಿದು, ಅವಳ ಸೀರೆಯಲ್ಲೇ ಕೂತು, ಅವಳ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ.