ಒಂಬತ್ತು ಹತ್ತರ ಸಾಲು

ನನ್ನ ಗಂಡನಿಗೆ ಕೋಪ ಮೂಗಿನ ತುದಿಯಲ್ಲೇ. ಅವನ ಅಮ್ಮ ಹಾಸಿಗೆ ಹಿಡಿದಾಗ ಅವನ ಅಕ್ಕ ಎರಡು ದಿನ ತಡವಾಗಿ ಬಂದಳೆಂದು, "ಇನ್ಮೇಲೆ ಈ ಮನೆ ಮೆಟ್ಟಿಲು ಹತ್ತಬೇಡ" ಎಂದುಬಿಟ್ಟ. ಅವಳೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳಲ್ಲವೇ, ಹತ್ತಲಿಲ್ಲ. ನಾಲ್ಕು ವರ್ಷ ಮಾತಿಲ್ಲ, ಕತೆಯಿಲ್ಲ.

ಇಬ್ಬರದೂ ಒಂದೇ ಕಂಪನಿ. ಅವಳದು ಬೇರೆ ಊರಿನ ಶಾಖೆ. ಎಲ್ಲ ಶಾಖೆಗಳಲ್ಲೂ ಯಾರು ಎಷ್ಟು ಹೊತ್ತಿಗೆ ಕೆಲಸಕ್ಕೆ ಕೂತರು, ಏನು ತೆರೆದರು ಎಂಬುದನ್ನೆಲ್ಲ ಕಂಪ್ಯೂಟರುಗಳು ಸಾಲುಸಾಲಾಗಿ ಬರೆದಿಡುತ್ತವೆ. ಅದಕ್ಕೆ ಲಾಗ್ ಎನ್ನುತ್ತಾರೆ. ಆ ಫೈಲುಗಳು ಕ್ಲೌಡಿನಲ್ಲಿ, ಅಂದರೆ ಕಂಪನಿಯವರು ಯಾರು ಬೇಕಾದರೂ ಎಲ್ಲಿಂದಲಾದರೂ ತೆರೆಯಬಹುದಾದ ಜಾಗದಲ್ಲಿ, ರಾಶಿ ಬೀಳುತ್ತವೆ. ಅವನ್ನು ನೋಡಿಕೊಳ್ಳುವುದೇ ಇವನ ಕೆಲಸ, ಅದೂ ನಮ್ಮ ಊಟದ ಮೇಜಿನ ಮೇಲೆ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಕ್ಕನ ಕೆಲಸದ ನಂಬರಿನ ಸಾಲು ಕಾಣುವವರೆಗೆ ಈ ಮಹಾರಾಯ ಕಾಫಿ ಮುಟ್ಟುವುದಿಲ್ಲ.

"ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗುತ್ತೆ?"

"ನಂಗ್ಯಾಕೆ? ಸುಮ್ನೆ ನೋಡಿದೆ."

ಸುಮ್ಮನೆಯಂತೆ, ನಾಲ್ಕು ವರ್ಷ! ಅವಳಿಗಾಗಿ ಒಳಗೊಳಗೇ ಎಷ್ಟು ಹಂಬಲಿಸುತ್ತಿದ್ದನೆಂದು ನನಗೆ ಗೊತ್ತಿಲ್ಲವೇ? ಅವಳು ರಜೆ ಹಾಕಿದ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ.

ಕಳೆದ ವಾರ, ಜಾಗ ಸಾಲದು, ಲಾಗ್‌ಗಳನ್ನೆಲ್ಲ ಕುಗ್ಗಿಸಿಡಿ ಎಂದು ಮೇಲಿನವರ ಅಪ್ಪಣೆಯಾಯಿತು. ಕುಗ್ಗಿಸಿದರೆ ಹತ್ತು ಪಾಲಿನದು ಒಂದು ಪಾಲಾಗುತ್ತದಂತೆ, ಒಳಗಿನ ಒಂದಕ್ಷರವೂ ಹೋಗುವುದಿಲ್ಲವಂತೆ. ಫೈಲಿನ ಹೆಸರಿಗೆ ಮಾತ್ರ ಒಂದು ಬಾಲ ಸೇರಿಕೊಳ್ಳುತ್ತದೆ. ಮೊದಲು ತಾನಿರುವ ನಮ್ಮೂರಿನ ಶಾಖೆಯವನ್ನು ಕುಗ್ಗಿಸಿ, ಮೂಲದವನ್ನು ಅಳಿಸಿದ. ಇನ್ನು ಮುಂದಿನವೂ ಕುಗ್ಗಿಯೇ ಬರುವಂತೆ ಮಾಡಿದ. "ಇದನ್ನೆಲ್ಲ ಯಾರು ಓದ್ತಾರೆ ಬಿಡು" ಎಂದು ಒಬ್ಬರಿಗೂ ತಿಳಿಸಲಿಲ್ಲ.

ಮರುದಿನ, ಹೆಸರು ಬದಲಾಗಿದ್ದರಿಂದ ಯಾರಿಗಾದರೂ ತೊಂದರೆಯಾಯಿತೇ ಎಂದು, ಯಾರು ಯಾವ ಫೈಲು ಕೇಳಿದರೆಂಬ ಕ್ಲೌಡಿನ ದಾಖಲೆಯನ್ನು ಮೊದಲ ಸಲ ತೆರೆದ. ನಮ್ಮ ಶಾಖೆಯ ಆ ದಿನದ ಫೈಲನ್ನು ಯಾರೋ ಹಳೆಯ ಹೆಸರಿನಲ್ಲೇ ಕೇಳಿದ್ದರು. ಸಿಕ್ಕಿರಲಿಲ್ಲ. ಮತ್ತೆ ಕೇಳಿದ್ದರು. ಹತ್ತು ನಿಮಿಷದಲ್ಲಿ ಹದಿನೇಳು ಸಲ! ನಂಬರು ಅಕ್ಕನದು. ಹಿಂದಕ್ಕೆ ಹೋದಷ್ಟೂ ಅವಳೇ. ನಾಲ್ಕು ವರ್ಷ ದಿನಾ ಬೆಳಿಗ್ಗೆ ಅದೊಂದು ಫೈಲು ತೆರೆದು ನೋಡಿದ್ದಳು. ಇವನು ಕೆಲಸಕ್ಕೆ ಕೂತ ಹೊತ್ತು ಇರುವುದು ಅದರಲ್ಲೇ.

ಇವನು ಫೋನು ಎತ್ತಿಕೊಂಡ, ಮತ್ತೆ ಮೇಜಿನ ಮೇಲಿಟ್ಟ. ಅಕ್ಕನ ಫೋನ್ ನಂಬರು ನಾನೇ ಒತ್ತಿ ಕೊಟ್ಟೆ. ಅವಳು ಮೊದಲ ರಿಂಗಿಗೇ ಎತ್ತಿದಳು.

"ಏನಾಯ್ತೋ ನಿಂಗೆ?" ಎಂದು ಕಿರುಚಿದ್ದು ನನಗೂ ಕೇಳಿಸಿತು. "ನೀನು ಇವತ್ತು ಯಾಕೋ ಬಂದಿಲ್ಲ?"

"ಬಂದಿದೀನಿ ಕಣೇ ಅಕ್ಕಾ," ಎಂದ, "ಇಲ್ಲೇ ಇದೀನಿ."