ಇಬ್ಬರಲ್ಲಿ ಒಬ್ಬರಿಗೆ ಕೆಲಸ

ಅನಗೋಳದ ನಮ್ಮ ಮನೆಯಿಂದ ಆಫೀಸಿಗೆ ಸ್ಕೂಟಿಯಲ್ಲಿ ಏಳೇ ನಿಮಿಷ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ್ದ ಅವಳು ದೂರದ ಖಾನಾಪುರದಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದಳು. ಆದರೂ ನಾನು ಒಳಗೆ ಕಾಲಿಡುವ ಹೊತ್ತಿಗೆ ಬಂದು ಕೂತಿರುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಅಲ್ಲಿಂದಲೇ ಶುರುವಾಯಿತು ಅಂತ ಕಾಣುತ್ತದೆ.

ಇಂಜಿನಿಯರಿಂಗ್ ಮುಗಿಸಿದ ನಾವಿಬ್ಬರು ಹುಡುಗಿಯರು ಆ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಆರು ತಿಂಗಳ ಇಂಟರ್ನ್‌ಗಳಾಗಿ ಸೇರಿದ್ದೆವು. ಮೊದಲ ದಿನವೇ ಸಾಹೇಬರು ಹೇಳಿಬಿಟ್ಟರು: "ಜಾಗಾ ಒಂದ ಐತಿ. ಆರು ತಿಂಗಳ ಆದಮ್ಯಾಲ ನಿಮ್ಮಿಬ್ಬರಾಗ ಒಬ್ಬರನ್ನ ಕಾಯಂ ಮಾಡ್ಕೋತೀವಿ." ಕಾಲೇಜಿನಲ್ಲಿ ನಾನು ಯಾವಾಗಲೂ ಮೊದಲ ಮೂರರಲ್ಲಿದ್ದವಳು. ಅವಳ ಕಾಲೇಜಿನ ಹೆಸರನ್ನೇ ಕೇಳಿರಲಿಲ್ಲ. ಜಾಗ ನನ್ನದೇ ಅಂದುಕೊಂಡು ಅವತ್ತೇ ಮನೆಗೆ ಸಿಹಿ ಅಂತ ಕುಂದಾ ಒಯ್ದೆ.

ನಾವು ಮಾಡುತ್ತಿದ್ದದ್ದು ಲೋಹದ ಎರಕ ಹೊಯ್ಯುವ ಒಂದು ಫೌಂಡ್ರಿಯ ಆ್ಯಪ್. ಎರಕದ ಭಾಗದಲ್ಲಿ ಬಿರುಕೋ ತೂತೋ ಕಂಡರೆ ಕೆಲಸಗಾರರು ಅಲ್ಲೇ ಟ್ಯಾಬಿನಲ್ಲಿ ಒತ್ತಿ ದಾಖಲಿಸಬೇಕು. ನಾನು ಚಂದದ ಪರದೆ, ಬಣ್ಣಬಣ್ಣದ ಚಾರ್ಟು ಮಾಡಿಕೊಟ್ಟೆ. ಯಾರೂ ಮುಟ್ಟಲಿಲ್ಲ. ಅವಳು ಎರಡು ದಿನ ಫೌಂಡ್ರಿಯಲ್ಲೇ ನಿಂತು, ಕೆಲಸಗಾರರ ಜೊತೆ ಮರಾಠಿಯಲ್ಲಿ ಹರಟಿ ಬಂದಳು.

"ಅವ್ರು ಹ್ಯಾಂಡ್‌ಗ್ಲೌಸ್ ತಗಿಯಂಗಿಲ್ಲ. ನಿನ್ನ ಬಟನ್ ಭಾಳ ಸಣ್ಣ ಅದಾವು," ಅಂದಳು.

ಅಂಗೈ ಅಗಲದ ಮೂರು ಬಟನ್ನು, ಒಂದೊಂದರ ಮೇಲೂ ದೋಷದ ಚಿತ್ರ. ಅವಳು ಮಾಡಿದ್ದು ಅಷ್ಟೇ. ವಾರದೊಳಗೆ ಎಲ್ಲರೂ ಒತ್ತತೊಡಗಿದರು. "ಶಾಣ್ಯಾಕಿ ಅದಾಳ," ಎಂದು ಸಾಹೇಬರು ಎಲ್ಲರೆದುರು ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದೆ. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಧ್ಯಾಹ್ನ ಅವಳು ಶೇಂಗಾ ಚಟ್ನಿ ಮುಂದೆ ಹಿಡಿದರೆ ಅದಕ್ಕೂ ಉರಿ. ಚಟ್ನಿ ರುಚಿಯಾಗಿತ್ತಲ್ಲ, ಅದಕ್ಕೆ ಇನ್ನೂ ಉರಿ.

ಫೌಂಡ್ರಿಯ ಮಾಲಕರು ಆ್ಯಪ್ ನೋಡಲು ಬರುವ ದಿನ, ಬೆಳಿಗ್ಗೆ ಅವಳ ಮೆಸೇಜು ಬಂತು: "ಬಸ್ ದೇಸೂರ ಹತ್ರ ಕೆಟ್ಟ ನಿಂತೈತಿ. ಸಾಹೇಬ್ರು ಫೋನ್ ಎತ್ತವಲ್ರು. ಅರ್ಧಾ ತಾಸ ತಡೀರಿ ಅಂತ ಹೇಳ."

ಓದಿದೆ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ.

"ಆಕಿ ಎಲ್ಲಿ?" ಸಾಹೇಬರು ಕೇಳಿದರು.

"ಗೊತ್ತಿಲ್ರಿ ಸರ್."

"ಹಂಗಾರ ನೀನ ತೋರಸು."

ತೋರಿಸಿದೆ. ಮಾಲಕರು ತಲೆಯಾಡಿಸುತ್ತಿದ್ದರು. ಅವರ ಜೊತೆ ಬಂದಿದ್ದ ವಯಸ್ಸಾದ ಕೆಲಸಗಾರರೊಬ್ಬರು ಕೇಳಿದರು: "ಒಂದ ಪೀಸಿನ್ಯಾಗ ಬಿರುಕೂ ತೂತೂ ಎರಡೂ ಇದ್ರ ಯಾವುದ ಒತ್ತೂದ್ರಿ?"

ನನಗೆ ಗೊತ್ತಿರಲಿಲ್ಲ. ಸುಮ್ಮನೆ ಪರದೆಯನ್ನು ಅತ್ತ ಇತ್ತ ಸರಿಸುತ್ತ ನಿಂತೆ. ಅಷ್ಟರಲ್ಲಿ ಯಾವುದೋ ಟೆಂಪೋ ಹಿಡಿದು ಬಂದ ಅವಳು, ಬಾಗಿಲಲ್ಲೇ ಬೆವರು ಒರೆಸಿಕೊಳ್ಳುತ್ತ, "ಎರಡೂ ಒತ್ತರಿ ಕಾಕಾ. ನೀವು ಹೇಳಿದ್ದಕ್ಕ ನಿನ್ನೆ ರಾತ್ರಿನ ಹಂಗ ಬದಲ ಮಾಡೀನಿ," ಅಂದಳು. ಅವರ ಮುಖ ಅರಳಿತು.

ಆರು ತಿಂಗಳು ತುಂಬಿದ ಆ ಶುಕ್ರವಾರ ಕಾಯಂ ಕೆಲಸದ ಪತ್ರ ಅವಳ ಕೈ ಸೇರಿತು. ನನಗೆ ಇನ್ನೂ ಮೂರು ತಿಂಗಳ ಇಂಟರ್ನ್‌ಶಿಪ್.

ರವಿವಾರ ಖಾನಾಪುರಕ್ಕೆ ಹೋದೆ. ಅವಳ ಅವ್ವ "ಬರ್ರಿ, ಕುಂದರ್ರಿ" ಎಂದು ಚಹಾ ಕೊಟ್ಟು ಒಳಗೆ ಹೋದರು.

"ಅವತ್ತ ನಿನ್ನ ಮೆಸೇಜ್ ನಾ ನೋಡಿದ್ದೆ," ಅಂದೆ.

"ಗೊತ್ತೈತಿ. ನೀಲಿ ಟಿಕ್ ಬಂದಿತ್ತು."

"ಮತ್ತ ಸಾಹೇಬ್ರಿಗೆ ಯಾಕ ಹೇಳಲಿಲ್ಲ?"

"ಕೆಲಸ ನನಗ ಸಿಕ್ತು, ಸುಮ್ನಾದೆ." ಅವಳು ನಗಲಿಲ್ಲ. "ನಿನಗ ಸಿಕ್ಕಿದ್ರ ಹೇಳತಿದ್ದೆ."

ಚಹಾ ಕುಡಿದು ಎದ್ದೆ. ಕ್ಷಮಿಸು ಅನ್ನುವ ಮಾತು ಕೊನೆಗೂ ಬಾಯಿಗೆ ಬರಲಿಲ್ಲ.

ಮುಂದಿನ ಮೂರು ತಿಂಗಳು ವಾರಕ್ಕೆರಡು ಸಲ ಫೌಂಡ್ರಿಗೆ ಹೋಗಿ ನಿಂತೆ, ನನ್ನ ಹರಕುಮುರುಕು ಮರಾಠಿಯಲ್ಲೇ ಕೇಳಿ ತಿಳಿದುಕೊಂಡೆ. ಕಂಪನಿಗೆ ಹೊಸ ಕೆಲಸ ಬಂದಿತ್ತು; ನನ್ನನ್ನೂ ಕಾಯಂ ಮಾಡಿದರು. ಪತ್ರ ಕೈಗೆ ಬಂದಾಗ ಖುಷಿಯಾಯಿತು, ನಿಜ. ಆದರೆ ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು: ಅವಳಿಗಿಂತ ಮೂರು ತಿಂಗಳು ಹಿಂದುಳಿದಿದ್ದೆ ನಾನು.

ಕಳೆದ ವಾರ ಇನ್ನೊಂದು ಪ್ರಾಜೆಕ್ಟಿಗೆ ಅವಳನ್ನು ಮುಂದಾಳು ಮಾಡಿದರು. "ಭಾಳ ಚಲೋ ಆತು," ಎಂದು ಕೈ ಕುಲುಕಿದೆ. ಎರಡು ದಿನ ಊಟ ಸೇರಲಿಲ್ಲ.