ಮೂಗು ಕೈಕೊಟ್ಟ ಮೇಲೆ

ಕಳೆದ ಭಾನುವಾರ ನಮ್ಮ ಅಡುಗೆಮನೆಯಲ್ಲಿ ಹಾಲು ಸೀದುಹೋಯಿತು. ವರಾಂಡದಲ್ಲಿ ಪೇಪರ್ ಓದುತ್ತಿದ್ದ ನನಗೇ ವಾಸನೆ ಬಡಿಯಿತು. ಓಡಿಹೋದರೆ, ಒಲೆಗೆ ಬೆನ್ನು ಹಾಕಿ ಈರುಳ್ಳಿ ಹೆಚ್ಚುತ್ತಿದ್ದ ಭಾಗ್ಯ ತಲೆಯನ್ನೇ ಎತ್ತಿರಲಿಲ್ಲ.

ಭಾಗ್ಯ ಯಾರು ಅಂದಿರಾ? ಕೆಳಮನೆಯ ಹುಡುಗಿ. ನೆಂಟರು ಬರುತ್ತಾರೆಂದು ಸಹಾಯಕ್ಕೆ ಕರೆದಿದ್ದೆ. ಓದಿದ್ದು ಅಡುಗೆ. ಡಿಪ್ಲೊಮಾ ಪಡೆದ ಶೆಫ್!

"ಹಾಲು ಸೀದೈತೇನ್ರಿ ಅಕ್ಕಾ?" ಎಂದಳು, ನಾನು ಗ್ಯಾಸ್ ಆರಿಸಿದ ಮೇಲೆ. ಆಮೇಲೆ ಸಣ್ಣ ದನಿಯಲ್ಲಿ, "ನನಗ ವಾಸನಿ ಬರಂಗಿಲ್ರಿ. ಜ್ವರ ಬಂದು ಹೋದಾಗಿಂದ."

ಇವಳ ಅಪ್ಪ, ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಬಂದವರು. ದಿಲ್‌ಸುಖ್‌ನಗರದ ನಮ್ಮ ರಸ್ತೆಯಲ್ಲಿ ಹೆಜ್ಜೆಗೊಂದು ಕೋಚಿಂಗ್ ಸೆಂಟರ್. ಅವುಗಳ ನಡುವೆ ಅಡುಗೆ ಕಾಲೇಜನ್ನೇ ಹುಡುಕಿಕೊಂಡು ಹೋದವಳು ಭಾಗ್ಯ. "ಅಡಗಿ ಕಲಿಯಾಕ ಕಾಲೇಜ್ ಯಾಕ?" ಎಂದು ಅಮ್ಮ ರೇಗಿದ್ದರು. (ಮಗಳು ಬಿಳಿ ಟೋಪಿ ಹಾಕಿದ ದಿನ ಆ ಫೋಟೊವನ್ನು ಬೀದಿಗೆಲ್ಲ ತೋರಿಸಿದ್ದೂ ಅವರೇ.)

ಮಾದಾಪುರದ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿತು. ತರಕಾರಿ ಹೆಚ್ಚುತ್ತಿದ್ದವಳು ಗ್ರೇವಿಯವರೆಗೆ ಬಂದಳು. ಆಗ ಬಂತು ಜ್ವರ. ಅದು ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದರಂತೆ ಡಾಕ್ಟರು.

ಉಪ್ಪು, ಹುಳಿ, ಖಾರ ನಾಲಿಗೆಗೆ ತಿಳಿಯುತ್ತದೆ. ಏಲಕ್ಕಿ, ಲವಂಗ, ಕೊತ್ತಂಬರಿ? ಎಲ್ಲ ಒಂದೇ. ಯಾರಿಗೂ ಹೇಳದೆ, ಬಣ್ಣ ನೋಡಿಯೇ ಮಸಾಲೆ ಹುರಿದು ದಿನ ದೂಡಿದಳು.

ಒಂದು ಮಧ್ಯಾಹ್ನ ಕೆಟ್ಟ ಮೀನಿಗೆ ಮಸಾಲೆ ಸವರುತ್ತಿದ್ದಳು. ಹತ್ತಿರ ಬಂದ ಹೆಡ್ ಶೆಫ್ ಮುಖ ಕಿವುಚಿ, "ನಾಕ್ ನಹೀ ಹೈ ಕ್ಯಾ?" ಎಂದ. ಮೂಗಿಲ್ಲವೇ ನಿನಗೆ? ಸುತ್ತ ಇದ್ದವರು ನಕ್ಕರು. ಇವಳು ಅಳುತ್ತ ನಿಜ ಹೇಳಿದಳು. ನಗು ನಿಂತಿತು. ಅಡುಗೆಮನೆಯ ಕೆಲಸವೂ.

"ಅವರು ಕೆಟ್ಟೋರಲ್ರಿ. ಆ ಮೀನ ಯಾರರ ತಿಂದಿದ್ರ? ನಾನಾಗಿದ್ರೂ ನನ್ನಂಥಾಕಿನ್ನ ಒಲಿ ಮುಂದ ನಿಲ್ಲಸ್ತಿರಲಿಲ್ಲ."

ಈಗ ಅದೇ ಹೋಟೆಲಿನಲ್ಲಿ ಫೋನ್ ಆರ್ಡರ್ ತೆಗೆದುಕೊಳ್ಳುತ್ತಾಳೆ. ಗಿರಾಕಿಗಳಿಗೆ ತೆಲುಗಿನಲ್ಲಿ, ಹಿಂದಿಯಲ್ಲಿ ಬಿರಿಯಾನಿಯ ಘಮಲು ಬಣ್ಣಿಸುವುದೂ ಡ್ಯೂಟಿಯೇ. ಬಿಸಿಲಲ್ಲಿ ಇಟ್ಟಿಗೆ ಹೊರುವ ಅಮ್ಮನಿಗೆ ಖುಷಿಯೋ ಖುಷಿ: "ಎಸಿ ಒಳಗ ಕುಂತು ಮಾಡೋ ಕೆಲಸ!" ಅವರಿಗೆ ಇದು ಪ್ರಮೋಷನ್. ಅಲ್ಲ ಎಂದು ಬಿಡಿಸಿ ಹೇಳುವ ಧೈರ್ಯ ಯಾರಿಗಿದೆ?

ಚಾಕು ಹಿಡಿಯುವುದರಿಂದ ಹಿಡಿದು ತಟ್ಟೆ ಅಲಂಕರಿಸುವವರೆಗೆ ಕಾಲೇಜು ಕಲಿಸಿತ್ತು. ಮೂಗು ಕೈಕೊಟ್ಟರೆ ಏನು ಮಾಡಬೇಕೆಂಬುದು ಯಾವ ಸಿಲೆಬಸ್ಸಿನಲ್ಲಿದೆ? ಕೆರಿಯರ್ ಎಂದರೆ ಮಾರ್ಕ್ಸು, ಇಂಟರ್‌ವ್ಯೂ ಎಂದು ನಾವು ಮಕ್ಕಳ ತಲೆ ತಿನ್ನುತ್ತೇವೆ. ಒಂದು ಜ್ವರಕ್ಕೆ ಮುಗಿದುಹೋಗುವಷ್ಟು ತೆಳ್ಳಗಿರುತ್ತದೆ ಅದು ಎಂದು ಹೇಳುವುದೇ ಇಲ್ಲ.

ನೆಂಟರು ಬರುವ ಹೊತ್ತಾಯಿತು. ಭಾಗ್ಯ ಬೇಳೆಗೆ ತುಪ್ಪ, ಬೆಳ್ಳುಳ್ಳಿಯ ಒಗ್ಗರಣೆ ಹಾಕಿದಳು. ವಾಸನೆ ಮನೆಯೆಲ್ಲ ತುಂಬಿಕೊಂಡಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೆಂಗ ಬರಾಕತ್ತೈತಿ ವಾಸನಿ? ಹೇಳ್ರಿ ಅಕ್ಕಾ."

ವಾರವಾರವೂ ನಿಮಗಾಗಿ ಇಷ್ಟುದ್ದ ಬರೆಯುವ ನನಗೆ ಒಂದು ಪದವೂ ಹೊಳೆಯಲಿಲ್ಲ. "ಚೆನ್ನಾಗಿದೆ" ಎಂದೆ.

'ಚೆನ್ನಾಗಿದೆ' ಅನ್ನುವುದು ಒಂದು ವಾಸನೆಯೇ?